ಲೈ ಫನ್ ಗಂಡನನ್ನು ನದಿ ದಾಟಿಸಲು ಹೊರಟದ್ದು

ಕ್ವಾನ್ ಹೋಯ್ ಸಂಗ್‌ಗೂ ದಾರಿಗೂ ಹುಟ್ಟಿನಿಂದಲೇ ಆಗಿಬರಲಿಲ್ಲ. ಇಡೀ ಬಾತುಕೋಳಿಯನ್ನು ಕೆಂಪಗೆ ಸುಟ್ಟು, ಗಿರಾಕಿ ನೋಡನೋಡುತ್ತಿದ್ದಂತೆ ಟಕಟಕ ಕೊಚ್ಚಿ, ಡಬ್ಬಿಯೊಳಗೆ ಮತ್ತೆ ಬಾತುಕೋಳಿಯ ಆಕಾರಕ್ಕೇ ಜೋಡಿಸಿಕೊಡುವುದರಲ್ಲಿ ಮೆಟ್ರೊಟೌನಿನಲ್ಲೇ ಅವನನ್ನು ಮೀರಿಸಿದವರಿರಲಿಲ್ಲ. ಅದೇ ಮನುಷ್ಯನನ್ನು ಅಂಗಡಿಯ ಹಿಂಬಾಗಿಲಿನಿಂದ ಹೊರಗೆ ಬಿಟ್ಟರೆ ಮನೆ ಎಡಕ್ಕೋ ಬಲಕ್ಕೋ ತಿಳಿಯದೆ ಟೋಪಿ ಕೈಯಲ್ಲಿ ಹಿಡಿದುಕೊಂಡು ನಿಂತುಬಿಡುತ್ತಿದ್ದ. ಹಾಗೆಂದು ಮನೆ ಏನು ಸಪ್ತಸಾಗರದಾಚೆ ಇರಲಿಲ್ಲ. ಅಂಗಡಿಯಿದ್ದ ಮಾಲು ಬಿಟ್ಟು ರಸ್ತೆ ದಾಟಿದರೆ ನಮ್ಮ ಮೂರಂತಸ್ತಿನ ಮರದ ಕಟ್ಟಡಗಳ ಸಾಲು, ಅದರಲ್ಲಿ ಮುಂದೆ ಚೆರಿ ಮರ ಇರುವ ಕಟ್ಟಡ, ಅದರ ಎರಡನೆಯ ಮಹಡಿ. ಅಷ್ಟೆ.

ಹೆಂಡತಿ ಲೈ ಫನ್ ಅದೇ ಮಾಲಿನ ಕೆಳಗಿನ ಊಟದಂಗಡಿಯಲ್ಲಿ ನೂಡಲ್ಸ್ ಬೇಯಿಸುತ್ತಿದ್ದಳು. ಕೆಲಸ ಮುಗಿದ ಕೂಡಲೇ ಏಪ್ರನ್ ಬಿಚ್ಚಿ ಮೇಲಕ್ಕೆ ಬಂದು ಗಂಡನನ್ನು ಕರೆದುಕೊಂಡೇ ಮನೆಗೆ ಹೋಗುವುದು ಅವಳ ಪದ್ಧತಿ. ಬಾತುಕೋಳಿ ಅಂಗಡಿಯವರಿಗೆ ಅದು ದಿನದ ತಮಾಷೆ.

"ಏನ್ ಫನ್ ಅಕ್ಕ, ಮಗೂನ ಸ್ಕೂಲಿಂದ ಕರ್ಕೊಂಡು ಹೋಗೋಕೆ ಬಂದ್ರಾ?" ಎನ್ನುತ್ತಿದ್ದರು.

"ಮಗು ಆಗಿದ್ರೆ ಇಷ್ಟು ಹೊತ್ತಿಗೆ ದೊಡ್ಡದಾಗಿ ತಾನೇ ಬರ್ತಿತ್ತು. ಇದು ಹಂಗಲ್ಲ, ಹಿಂಗೇ ಇರತ್ತೆ," ಎನ್ನುತ್ತಿದ್ದಳು ಲೈ ಫನ್. ಹೋಯ್ ಸಂಗ್ ನಗುತ್ತಾ ಅವಳ ಚೀಲ ಇಸಿದುಕೊಂಡು ಹಿಂದೆ ಹಿಂದೆ ಹೊರಡುತ್ತಿದ್ದ. ಅವರಿಗೆ ಮಕ್ಕಳಾಗಲಿಲ್ಲ. ಆ ಮಾತನ್ನು ಅವಳು ಅಷ್ಟು ಹಗುರವಾಗಿ ಆಡುವುದಕ್ಕೆ ಎಷ್ಟು ವರ್ಷ ಹಿಡಿಯಿತು ಎಂಬುದು ಅವಳಿಗೊಬ್ಬಳಿಗೇ ಗೊತ್ತು.

ಅವನಿಗೆ ಆಗದ ಇನ್ನೊಂದೆಂದರೆ ಕಾರು. ಕೂತು ಎರಡು ಸಿಗ್ನಲ್ ದಾಟುವಷ್ಟರಲ್ಲಿ ಮುಖ ಹಸಿರಾಗಿ, ಕಿಟಕಿ ಇಳಿಸಿ ವಾಂತಿ ಮಾಡಿಬಿಡುತ್ತಿದ್ದ. ಮದುವೆ ಮನೆಗೆ, ಸಾವಿನ ಮನೆಗೆ, ಆಸ್ಪತ್ರೆಗೆ, ಎಲ್ಲಿಗಾದರೂ ರೈಲೇ. ಕಂಬಗಳ ಮೇಲೆ ಓಡುವ ಆ ರೈಲಿನಲ್ಲಿ ಕಿಟಕಿಗೆ ಹಣೆ ಹಚ್ಚಿ ಕೂತನೆಂದರೆ ಅವನಂಥ ಸುಖಿ ಇಲ್ಲ.

ಕೊನೆಕೊನೆಗೆ ಅವನಿಗೆ ಮರೆವು ಹಿಡಿಯಿತು. ಮೊದಲು ಜನರ ಹೆಸರು ಮರೆತ, ಆಮೇಲೆ ಕತ್ತಿ ಹಿಡಿಯುವುದು ಮರೆತ, ಆಮೇಲೆ ಊಟ ಮಾಡಿದ್ದನ್ನು ಮರೆತ. ಆ ಕಾಲದಲ್ಲೇ ಒಂದು ದಿನ ರೈಲು ಇಳಿಯುವಾಗ ಜನ ನುಗ್ಗಿ, ಲೈ ಫನ್ ಹೊರಗೂ ಅವನು ಒಳಗೂ ಉಳಿದು, ನಡುವೆ ಬಾಗಿಲು ಮುಚ್ಚಿಕೊಂಡುಬಿಟ್ಟಿತು. ಗಾಜಿನಾಚೆ ಅವನು ಅವಳನ್ನೇ ನೋಡುತ್ತಿದ್ದ. ರೈಲು ಹೊರಟುಹೋಯಿತು. ಅವಳು ಹುಚ್ಚು ಹಿಡಿದವಳ ಹಾಗೆ ಒಂದೊಂದು ಸ್ಟೇಷನ್ನಿನಲ್ಲೂ ಇಳಿದಳು, ಹತ್ತಿದಳು. ಊರಿನ ಹಳೆಯ ಕಾಲದ ಹೆಂಗಸು, ಗಂಡನ ಹೆಸರು ಹಿಡಿದು ಜನ್ಮದಲ್ಲಿ ಕರೆದವಳಲ್ಲ, "ರೀ" ಎಂದೇ ಬಾಳಿದವಳು. ಆದರೆ ಸ್ಟೇಷನ್ನಿನಲ್ಲಿ "ರೀ" ಎಂದು ಕೂಗಿದರೆ ಯಾರ ಗಂಡ ತಿರುಗಿ ನೋಡಬೇಕು? ನಾಚಿಕೆ ಬಿಟ್ಟು "ಹೋಯ್ ಸಂಗ್, ಹೋಯ್ ಸಂಗ್" ಎಂದು ಗಂಟಲು ಹರಿಯುವ ಹಾಗೆ ಕೂಗುತ್ತಾ ಹೋದಳು. ಸಂಜೆಯ ಹೊತ್ತಿಗೆ ಒಂದು ಸ್ಟೇಷನ್ನಿನ ಬೆಂಚಿನ ಮೇಲೆ, ತೊಡೆಯ ಮೇಲೆ ಟೋಪಿ ಇಟ್ಟುಕೊಂಡು ಕೂತವನು ಎದ್ದು ನಿಂತ.

"ಕಳೆದುಹೋದ್ರೆ ಇದ್ದಲ್ಲೇ ಇರಿ, ನಾನು ಬಂದು ಕರೀತೀನಿ ಅಂತ ನೀನೇ ಹೇಳಿದ್ದಲ್ವಾ," ಎಂದ. "ಅದಕ್ಕೇ ಇದ್ದೆ. ನೀನು ಕರೆದ ಮೇಲೆ ಎದ್ದೆ."

ಎಲ್ಲವನ್ನೂ ಮರೆತ ಮನುಷ್ಯ ಅದೊಂದನ್ನು ಮರೆತಿರಲಿಲ್ಲ. ಲೈ ಫನ್ ಅವತ್ತು ಬೆಂಚಿನ ಮೇಲೆ ಕೂತು ಸೆರಗಿಲ್ಲದ ಅಂಗಿಯ ತೋಳಿನಲ್ಲೇ ಕಣ್ಣು ಮೂಗು ಒರೆಸಿಕೊಂಡಳು. ಇನ್ನು ಮುಂದೆ ಈ ಮನುಷ್ಯನನ್ನು ದಾರಿಯಲ್ಲಿ ಒಂಟಿಯಾಗಿ ಬಿಡುವುದಿಲ್ಲ ಎಂದು ಅವನಿಗೂ ಹೇಳಿದಳು, ತನಗೂ ಹೇಳಿಕೊಂಡಳು.

ಅವನು ಸತ್ತದ್ದು ಮನೆಯಲ್ಲೇ, ಚೆರಿ ಮರದ ಕಡೆ ಕಿಟಕಿ ಇರುವ ಕೋಣೆಯಲ್ಲೇ. ಸತ್ತ ಮೇಲೆ ಅವನ ಹೆಸರು ಬರೆದ ಕೆಂಪು ಹಲಗೆ ಅದೇ ಕೋಣೆಯ ಗೋಡೆಗೆ ಒತ್ತಿಟ್ಟ ಕಪಾಟಿನ ಮೇಲೆ ಕೂತಿತು. ಅದರ ಮುಂದೆ ಬೂದಿ ತುಂಬಿದ ಬಟ್ಟಲು, ಮೂರು ಪುಟ್ಟ ಲೋಟ ಚಹಾ, ಎರಡು ಕಿತ್ತಳೆ. ನಮ್ಮಲ್ಲಿ ಸತ್ತವರು ದೂರ ಹೋಗುವುದಿಲ್ಲ. ಹೆಸರಿನ ಹಲಗೆಯಲ್ಲಿ ಕೂತು ಮನೆಯವರ ಮಾತು ಕೇಳಿಸಿಕೊಳ್ಳುತ್ತಾರೆ. ಲೈ ಫನ್ ಬೆಳಿಗ್ಗೆ ಎದ್ದು ಊದುಬತ್ತಿ ಹಚ್ಚುವಳು, ಸಂಜೆ ಬಂದು ಹಚ್ಚುವಳು. ಗೋಡೆಯ ಮೇಲೆ ಹೊಗೆಯ ಕಪ್ಪು, ಎದ್ದು ನಿಂತ ಬೆಕ್ಕಿನ ಹಾಗೆ, ವರ್ಷ ವರ್ಷಕ್ಕೂ ಮೇಲೇರಿತು. "ರೀ, ಇವತ್ತು ಮೂಲಂಗಿ ಎಳೇದು ಸಿಕ್ತು," ಎನ್ನುವಳು. "ರೀ, ಮೇಲಿನ ಮನೆಯ ನೆನಿತಾ ಮತ್ತೆ ಒಣಮೀನು ಹುರೀತಾ ಇದಾಳೆ, ಮೂಗು ಮುಚ್ಕೊಳಿ." ಬದುಕು ಹೀಗೂ ನಡೆಯುತ್ತದೆ, ಸುಖವಾಗಿಯೇ ನಡೆಯುತ್ತದೆ, ಬಿಟ್ಟರೆ.

ಬಿಡುವವರು ಯಾರು? ಒಂದು ದಿನ ಚೆರಿ ಮರದ ಪಕ್ಕ ಹುಲ್ಲಿನ ಮೇಲೆ ಬಿಳಿ ಹಲಗೆಯೊಂದು ಎದ್ದಿತು. ಅದರ ಮೇಲೆ ಗಾಜಿನ ಎರಡು ಟವರುಗಳ ಚಿತ್ರ. ಕೆಳಗೆ ನಾಯಿ ಹಿಡಿದುಕೊಂಡು, ಕಾಫಿ ಹಿಡಿದುಕೊಂಡು ನಗುತ್ತಾ ನಡೆಯುವ ಉದ್ದುದ್ದ ಜನ. ನೆನಿತಾ ಆ ಚಿತ್ರದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ಫನ್ ಅಕ್ಕ, ಇಲ್ಲಿ ನಾನೆಲ್ಲಿದೀನಿ ಹುಡುಕಿ ನೋಡೋಣ," ಎಂದಳು. ಇಬ್ಬರಿಗೂ ಬರುವುದು ಹರಕು ಇಂಗ್ಲಿಷು, ಆದರೂ ಜಗಳ, ನಗು ಎಲ್ಲ ಅದರಲ್ಲೇ ಸಾಗುತ್ತಿತ್ತು.

"ನೀನು ಬಾಗಿಲ ಹಿಂದೆ ಮೀನು ಹುರೀತಾ ಇದೀಯ, ಅದಕ್ಕೇ ಕಾಣ್ತಿಲ್ಲ," ಎಂದಳು ಲೈ ಫನ್.

ಆಮೇಲೆ ನಮ್ಮ ಕಟ್ಟಡ ಕೆಡವಿ ಆ ಟವರು ಕಟ್ಟುವ ಕಂಪನಿಯವರು ಗ್ರಂಥಾಲಯದ ಕೋಣೆಯಲ್ಲಿ ಬಿಸ್ಕತ್ತು ಕಾಫಿ ಇಟ್ಟು ಸಭೆ ಕರೆದರು. ನಯವಾದ ಮಾತು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಟವರು ಎದ್ದ ಮೇಲೆ ನೀವೆಲ್ಲ ಇಲ್ಲಿಗೇ ವಾಪಸ್ ಬರಬಹುದು ಎಂದರು. ನಮ್ಮ ಕಟ್ಟಡದ ಅಫಘಾನಿ ಮುದುಕ, ಬೋಸ್ನಿಯಾದ ಗಂಡಹೆಂಡತಿ, ನೆನಿತಾ, ಎಲ್ಲರೂ ತಲೆಯಾಡಿಸಿ ಬಿಸ್ಕತ್ತು ತಿಂದು ಎದ್ದು ಬಂದರು. ಅಷ್ಟು ವರ್ಷ ಯಾರು ಎಲ್ಲಿ ಜೀವ ಹಿಡಿದುಕೊಂಡು ಕಾಯಬೇಕು ಎಂದು ಕೇಳಿದವರಿಲ್ಲ, ಹೇಳಿದವರೂ ಇಲ್ಲ. ನನಗೆ ಈಗಲೂ ಆ ಬಿಸ್ಕತ್ತನ್ನು ನೆನೆದರೆ ಮೈ ಉರಿಯುತ್ತದೆ.

ಒಬ್ಬೊಬ್ಬರೇ ಖಾಲಿ ಮಾಡಿದರು. ಲೈ ಫನ್‌ಗೆ ನದಿಯಾಚೆ ಸರ್ರೆಯಲ್ಲಿ, ಜಸ್‌ಬೀರ್ ಕೌರ್ ಎಂಬ ಪಂಜಾಬಿ ಹೆಂಗಸಿನ ಮನೆಯ ನೆಲಮಾಳಿಗೆಯಲ್ಲಿ ಒಂದು ಕೋಣೆ ಸಿಕ್ಕಿತು. ಕಿಟಕಿ ತಲೆಗಿಂತ ಮೇಲೆ, ಅದರಲ್ಲಿ ಕಾಣುವುದು ಹುಲ್ಲಿನ ಬೇರು. ಆದರೆ ಜಸ್‌ಬೀರ್ ಒಳ್ಳೆಯವಳು. ಲೈ ಫನ್ ಹೆದರಿ ಹೆದರಿ, "ನಾನು ದಿನಾ ಊದುಬತ್ತಿ ಹಚ್ಚಬೇಕು, ಹೊಗೆ ಆಗತ್ತೆ," ಎಂದಾಗ, "ಹಚ್ಚಿ ತಾಯಿ, ನಮ್ಮನೇಲೂ ಹಚ್ಚಲ್ವಾ, ಯಾರು ಬೇಡ ಅಂದ್ರು," ಎಂದುಬಿಟ್ಟಳು. ಲೈ ಫನ್‌ಗೆ ಅಷ್ಟು ಸಾಕಾಗಿತ್ತು. ಅವಳಿಗೆ ತನ್ನ ಚಿಂತೆ ಇರಲಿಲ್ಲ. ಹಾಸಿಗೆ, ಪಾತ್ರೆ, ಮೇಜು ಎಲ್ಲವನ್ನೂ ನೆನಿತಾಳ ಅಣ್ಣ ವ್ಯಾನಿನಲ್ಲಿ ಒಯ್ದು ಹಾಕುತ್ತೇನೆಂದಿದ್ದ. ಹೋಯ್ ಸಂಗ್‌ನನ್ನು ಒಯ್ಯುವುದು ಹೇಗೆ? ದಾರಿಯೇ ಗೊತ್ತಾಗದ ಮನುಷ್ಯ, ಈಗ ಕಣ್ಣಿಗೂ ಕಾಣದವನು, ನದಿ ಬೇರೆ ದಾಟಬೇಕು.

ಅವಳು ಸೀತೋ ಮಾವನ ಹತ್ತಿರ ಹೋದಳು. ಸೀತೋ ಮಾವ ಮಾಲಿನ ಮೂಲೆಯಲ್ಲಿ ಊದುಬತ್ತಿ, ಮೇಣದಬತ್ತಿ, ಸತ್ತವರಿಗೆಂದು ಸುಡುವ ಕಾಗದದ ಸಾಮಾನು ಮಾರುವ ಮುದುಕ. ಒಳ್ಳೆ ದಿನ, ಒಳ್ಳೆ ಹೊತ್ತು ನೋಡಿಕೊಡುವವನೂ ಅವನೇ. ಅವನ ಅಂಗಡಿಯಲ್ಲಿ ಕಾಗದದ ಕಾರು, ಕಾಗದದ ಫೋನು, ಕಾಗದದ ಮನೆ ತೂಗುಬಿದ್ದಿರುತ್ತಿದ್ದವು.

"ಈ ಸಲ ಹೊಸ ಸಾಮಾನು ಬಂದಿದೆ ನೋಡಮ್ಮ, ಗಾಜಿನ ಟವರು," ಎಂದು ಒಂದು ಹೊಳೆಯುವ ಕಾಗದದ ಕಟ್ಟಡ ತೋರಿಸಿದ. "ನಿನ್ನ ಯಜಮಾನ್ರಿಗೆ ಸುಟ್ಟುಬಿಡು, ಇಲ್ಲಿ ಸಿಗದೇ ಇದ್ದದ್ದು ಅಲ್ಲಾದ್ರೂ ಸಿಗಲಿ."

"ಬೇಡ ಮಾವ. ಲಿಫ್ಟ್ ಒಳಗೆ ಹೋದ್ರೆ ಈಚೆ ಬರೋದು ಗೊತ್ತಾಗಲ್ಲ ಅವರಿಗೆ."

ಸೀತೋ ಮಾವ ನಕ್ಕ. ಆಮೇಲೆ ಅವಳು ಬಂದ ಕೆಲಸ ಕೇಳಿ ಕನ್ನಡಕ ಹಾಕಿಕೊಂಡು ಪಂಚಾಂಗ ತಿರುವಿ ದಿನ ಹೇಳಿದ. ಬೆಳಿಗ್ಗೆ ಹೊರಟು ಮಧ್ಯಾಹ್ನದ ಒಳಗೆ ಹೊಸ ಜಾಗದಲ್ಲಿ ಕೂರಿಸಬೇಕು.

"ಕೇಳಿಸ್ಕೋ. ಹಲಗೆ ಮೇಲೆ ಬಿಸಿಲು ಬೀಳಬಾರ್ದು, ಕಪ್ಪು ಕೊಡೆ ಹಿಡಿ. ಬೂದಿ ಬಟ್ಟಲಲ್ಲಿ ಹಚ್ಚಿದ ಬತ್ತಿ ಹೊಸ ಮನೆ ಮುಟ್ಟೋವರೆಗೂ ಆರಬಾರ್ದು. ಆ ಹೊಗೆ ಹಿಡ್ಕೊಂಡೇ ಅವರು ಬರೋದು, ಅವರಿಗೆ ಬೇರೆ ದಾರಿ ಕಾಣಲ್ಲ. ತಿರುವು ಬಂದ್ರೆ ಹೆಸರು ಹಿಡಿದು ಹೇಳು. ಮೆಟ್ಲು ಬಂದ್ರೆ ಹೇಳು. ಸೇತುವೆ ಬಂದ್ರೆ ಮುಂಚೇನೇ ಹೇಳು, ದಾಟ್ತಾನೂ ಹೇಳು. ನೀರು ಕಂಡ್ರೆ ಸತ್ತೋರು ಹಿಂಜರೀತಾರೆ."

"ಮಧ್ಯದಲ್ಲಿ ಆರಿಹೋದ್ರೆ?"

"ಆರಬಾರ್ದು ಅಂದ್ನಲ್ಲ." ಮುದುಕನಿಗೆ ಸಿಟ್ಟು ಬಂತು. "ಕಾರಲ್ಲಿ ಹೋಗು, ಕಿಟಕಿ ಸ್ವಲ್ಪ ಇಳಿಸ್ಕೋ, ಯಾಕ್ ಆರತ್ತೆ?"

ನೆನಿತಾಳ ಅಣ್ಣನೂ ಅದನ್ನೇ ಹೇಳಿದ. ವ್ಯಾನಿನಲ್ಲಿ ಮುಂದಿನ ಸೀಟು ಖಾಲಿ ಇದೆ, ಕೂತುಕೊಳ್ಳಿ, ಹೊಗೆ ಹಾಕಿಕೊಳ್ಳಿ, ನನಗೇನೂ ಇಲ್ಲ ಎಂದ. ನೆನಿತಾ ಗದರಿದಳು. "ಯಾಕೆ ಅಕ್ಕ ಹಠ? ರೈಲಲ್ಲಿ ಬೆಂಕಿ ಹಚ್ಕೊಂಡು ಹೋಗೋಕೆ ಬಿಡ್ತಾರಾ?"

"ಅವರಿಗೆ ಕಾರು ಆಗಲ್ಲ ನೆನಿತಾ."

"ಅವರು ಸತ್ತಿದಾರೆ ಅಕ್ಕ."

"ಸತ್ರೆ ಹೊಟ್ಟೆ ತೊಳಸೋದು ನಿಂತುಹೋಗತ್ತೆ ಅಂತ ನಿಂಗೆ ಯಾರು ಹೇಳಿದ್ರು?"

ಇಡೀ ಕಥೆಯಲ್ಲಿ ಅವಳು ಮಾಡಿದ ತಪ್ಪು ಇದೊಂದೇ, ಅದೂ ಪ್ರೀತಿಗೆ ಮಾಡಿದ್ದು. ವ್ಯಾನು ಹತ್ತಿದ್ದರೆ ಎಲ್ಲವೂ ನೆಟ್ಟಗಾಗುತ್ತಿತ್ತು. ಆದರೆ ಗಂಡ ಎರಡು ಸಿಗ್ನಲ್ ದಾಟುವಷ್ಟರಲ್ಲಿ ಮುಖ ಹಸಿರು ಮಾಡಿಕೊಳ್ಳುವುದನ್ನು ಬದುಕೆಲ್ಲ ಕಂಡವಳು, ಅವನ ಕಡೆಯ ಪ್ರಯಾಣಕ್ಕೆ ಅವನನ್ನು ಕಾರಿನಲ್ಲಿ ತುರುಕಲು ಅವಳಿಗೆ ಮನಸ್ಸು ಬರಲಿಲ್ಲ. ರೈಲು ಅವನಿಗೆ ಗೊತ್ತು, ರೈಲಿನಲ್ಲಾದರೆ ಹಾಯಾಗಿ ಬರುತ್ತಾನೆ ಎಂದುಕೊಂಡಳು.

ಉಪಾಯವನ್ನೂ ಹೂಡಿದಳು. ಹಬ್ಬಕ್ಕೆ ತರುವ ಮೂನ್‌ಕೇಕ್ ಎಂಬ ಸಿಹಿತಿಂಡಿಯ ತಗಡಿನ ಡಬ್ಬಿಯ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದಳು. ಅದರೊಳಗೆ ಬೂದಿಯ ಬಟ್ಟಲು, ಬೂದಿಯ ಮೇಲೆ ಮೆಲ್ಲಗೆ ಉರಿಯುವ ಸುರುಳಿ ಬತ್ತಿ. ಡಬ್ಬಿಯನ್ನು ಬಟ್ಟೆಯ ಚೀಲಕ್ಕಿಟ್ಟು, ಚೀಲದ ಬಾಯಿ ಅರ್ಧ ತೆರೆದಿಟ್ಟಳು. ಹಲಗೆಯನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡಳು. ಅವತ್ತು ಅವಳು ಮದುವೆಯ ಹೆಣ್ಣಿನ ಹಾಗೆ ಬೆಳಿಗ್ಗೆಯೇ ತಲೆಗೆ ಸ್ನಾನ ಮಾಡಿ, ಬಾಚಿ, ಒಗೆದ ಅಂಗಿ ತೊಟ್ಟಿದ್ದಳು.

"ಹೋಯ್ ಸಂಗ್, ಹೊರಟ್ವಿ. ಬಾಗಿಲು ದಾಟ್ತಾ ಇದೀವಿ, ಬನ್ನಿ," ಎಂದಳು. ಮೆಟ್ಟಿಲಿನಲ್ಲಿ "ಹುಷಾರು, ಮೆಟ್ಲು," ಎಂದಳು. ಕೆಳಗೆ ನೆನಿತಾ ನಿಂತಿದ್ದಳು, ಶಿಲುಬೆಯ ಗುರುತು ಹಾಕಿಕೊಂಡು ಪಕ್ಕಕ್ಕೆ ಸರಿದಳು. "ಹೋಯ್ ಸಂಗ್, ಚೆರಿ ಮರ. ಒಂದ್ಸಲ ನೋಡ್ಕೊಂಡ್ಬಿಡಿ, ಎಡಗಡೆ ತಿರುಗ್ತೀವಿ." ರಸ್ತೆಯ ತಿರುವಿನಲ್ಲಿ, ಸಿಗ್ನಲಿನಲ್ಲಿ, ಮಾಲಿನ ಮುಂದೆ, ಸ್ಟೇಷನ್ನಿನ ಮೇಲೇರುವ ಮೆಟ್ಟಿಲಿನಲ್ಲಿ, ಎಲ್ಲ ಕಡೆ ಹೇಳಿದಳು. ಕಪ್ಪು ಕೊಡೆ ಹಿಡಿದು ತಾನೇ ತನ್ನೊಡನೆ ಮಾತಾಡಿಕೊಂಡು ಹೋಗುವ ಹೆಂಗಸನ್ನು ಜನ ನೋಡಿ ಕಣ್ಣು ತಪ್ಪಿಸಿದರು. ಮೆಟ್ರೊಟೌನಿನಲ್ಲಿ ಯಾರು ಯಾವ ದೇವರೊಡನೆ ಮಾತಾಡುತ್ತಿದ್ದಾರೆಂದು ಯಾರೂ ಕೇಳುವುದಿಲ್ಲ.

ರೈಲು ಬಂತು. ಒಳಗೆ ಕಾಲಿಡುವಾಗ ಅವಳು ಬಾಗಿಲಿನ ಅಂಚಿಗೆ ಬೆನ್ನು ಒತ್ತಿ, ಒಬ್ಬ ಮನುಷ್ಯ ಒಳಗೆ ಬರುವಷ್ಟು ಜಾಗ ಬಿಟ್ಟು ನಿಂತಳು. "ಬೇಗ ಬನ್ನಿ, ಬಾಗಿಲು ಮುಚ್ಚತ್ತೆ," ಎಂದಳು. ಬಾಗಿಲು ಮುಚ್ಚಿತು. ಹೊಗೆಯ ಒಂದು ಎಳೆ ಚೀಲದಿಂದ ಎದ್ದು ಅವಳ ಗಲ್ಲ ಸವರಿತು. ಅವಳಿಗೆ ಎಷ್ಟೋ ವರ್ಷಗಳ ಮೇಲೆ ಅವನ ಪಕ್ಕದಲ್ಲಿ ಕೂತು ಎಲ್ಲಿಗೋ ಹೊರಟ ಹಾಗಾಯಿತು. ಕಿಟಕಿಯ ಸೀಟು ಖಾಲಿ ಬಿಟ್ಟು ತಾನು ಪಕ್ಕದಲ್ಲಿ ಕೂತಳು.

ನ್ಯೂ ವೆಸ್ಟ್‌ಮಿನ್‌ಸ್ಟರ್ ಸ್ಟೇಷನ್ ಕಳೆಯಿತು. ಕೊಲಂಬಿಯಾ ಕಳೆಯಿತು. ಇನ್ನು ಸೇತುವೆ. ಹಲಗೆಯ ಹತ್ತಿರ ಬಾಯಿ ತಂದು, "ಹೋಯ್ ಸಂಗ್, ಈಗ ನೀರು ಬರತ್ತೆ. ಹೆದರ್ಬೇಡಿ. ನಾನಿದೀನಿ, ಹೊಗೇನ ಕೈಬಿಡದೆ ಹಿಡ್ಕೊಂಡು ಬನ್ನಿ," ಎಂದಳು. ರೈಲು ಸುರಂಗದಿಂದ ಬೆಳಕಿಗೆ ಬಂದು ಮೇಲೇರಿತು. ಕೆಳಗೆ ಫ್ರೇಸರ್ ನದಿ ಕೆಸರು ಬಣ್ಣದಲ್ಲಿ ಅಗಲವಾಗಿ ಬಿದ್ದಿತ್ತು. ಗಾಬರಿಯಲ್ಲಿ ಅವಳು ಚೀಲವನ್ನು ಇನ್ನಷ್ಟು ಅಪ್ಪಿಕೊಂಡಳೋ ಏನೋ, ಬಟ್ಟೆ ಮುಚ್ಚಳದ ತೂತಿಗೆ ಒತ್ತಿ ಕಮರು ವಾಸನೆ ಎದ್ದಿತು, ದಪ್ಪ ಹೊಗೆ ಬಂತು. "ಸೇತುವೆ ದಾಟ್ತಾ ಇದೀವಿ," ಎಂದು ಅವಳು ಹೇಳುತ್ತಿದ್ದಳು, ಇನ್ನೂ ಹೆಸರು ಬಾಯಲ್ಲೇ ಇತ್ತು, ಎದುರಿಗಿದ್ದ ಕಾಲೇಜಿನ ಹುಡುಗಿ ಎದ್ದು ಬಂದು, "ಆಂಟಿ, ನಿಮ್ಮ ಬ್ಯಾಗಿಗೆ ಬೆಂಕಿ ಹತ್ತಿದೆ," ಎಂದು ತನ್ನ ಬಾಟಲಿಯ ನೀರನ್ನು ಪೂರ್ತಿ ಚೀಲದೊಳಗೆ ಸುರಿದುಬಿಟ್ಟಳು.

ಚುಸ್ ಎಂದಿತು, ಅಷ್ಟೆ.

ಪಾಪದ ಹುಡುಗಿ. ಒಳ್ಳೆಯ ಮನಸ್ಸಿನವಳು. ತನ್ನ ಸ್ಕಾರ್ಫ್ ಬಿಚ್ಚಿ ಲೈ ಫನ್‌ಳ ಮಡಿಲು ಒರೆಸಿದಳು, ಕೈ ಸುಟ್ಟಿತೇ ಎಂದು ತಿರುಗಿಸಿ ನೋಡಿದಳು. ಯಾರ ಮೇಲೆ ಸಿಟ್ಟು ಮಾಡಬೇಕು ಹೇಳಿ? "ಪರವಾಗಿಲ್ಲ ಬಿಡಮ್ಮ," ಎಂದಳು ಲೈ ಫನ್ ತನ್ನ ಭಾಷೆಯಲ್ಲಿ, ಆ ಹುಡುಗಿಗೆ ಅರ್ಥವಾಗದ ಭಾಷೆಯಲ್ಲಿ. ಡಬ್ಬಿಯ ಮುಚ್ಚಳ ತೆಗೆದರೆ ಬೂದಿ ಗಂಜಿಯಾಗಿತ್ತು. ಅಷ್ಟರಲ್ಲಿ ರೈಲು ನದಿ ದಾಟಿ ಸ್ಕಾಟ್ ರೋಡ್ ಸ್ಟೇಷನ್ನಿಗೆ ಬಂದು ನಿಂತಿತ್ತು.

ಅವಳು ಇಳಿದು ಹೊರಗೆ ಬಸ್ಸುಗಳು ನಿಲ್ಲುವ ಕಡೆ ಹೋಗಿ, ಹೊಸ ಬತ್ತಿ ಹಚ್ಚಿ ಕರೆದಳು. ಗಾಳಿಗೆ ಹೊಗೆ ಚೆಲ್ಲಾಪಿಲ್ಲಿಯಾಯಿತು. ವಾಪಸ್ ಹೋಗಲೇ ಎಂದು ಒಮ್ಮೆ ಅನಿಸಿತು, ಆದರೆ ಮಧ್ಯಾಹ್ನದ ಒಳಗೆ ಕೂರಿಸಬೇಕು ಎಂದಿದ್ದನಲ್ಲ ಸೀತೋ ಮಾವ. ಬಂದಿದ್ದಾನೆ, ಬಂದೇ ಇರುತ್ತಾನೆ ಎಂದು ತನ್ನನ್ನು ತಾನೇ ನಂಬಿಸಿಕೊಂಡು ಮುಂದೆ ಹೋದಳು.

ನೆಲಮಾಳಿಗೆಯ ಕೋಣೆಯಲ್ಲಿ ಹಲಗೆ ಕೂರಿಸಿ, ಚಹಾ ಇಟ್ಟು, ಕೇಳುವ ತುಂಡುಗಳನ್ನು ತೆಗೆದಳು. ಅರ್ಧಚಂದ್ರದ ಆಕಾರದ ಎರಡು ಮರದ ತುಂಡು, ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬು. ಪ್ರಶ್ನೆ ಕೇಳಿ ನೆಲಕ್ಕೆ ಬಿಟ್ಟಾಗ ಒಂದು ಚಪ್ಪಟೆ, ಒಂದು ಉಬ್ಬು ಮೇಲಾಗಿ ಬಿದ್ದರೆ ಹೌದು. ಎರಡೂ ಒಂದೇ ಥರ ಬಿದ್ದರೆ ಇಲ್ಲ.

"ಬಂದ್ರಾ?" ಎಂದು ಕೇಳಿ ಬಿಟ್ಟಳು. ಎರಡೂ ಉಬ್ಬು. "ಹೋಯ್ ಸಂಗ್, ಬಂದಿದೀರಾ?" ಎರಡೂ ಉಬ್ಬು. ಮೂರನೆಯ ಸಲ ಅವಳು ಮೊಣಕಾಲೂರಿ ಕೂತು, ಬಿಡುವ ಮೊದಲು ತುಂಡುಗಳನ್ನು ಎದೆಗೆ ಒತ್ತಿಕೊಂಡಳು. ಅದೇ. ಮೇಲಿನಿಂದ ಜಸ್‌ಬೀರ್ ಬಿಸಿ ರೊಟ್ಟಿ, ದಾಲು ತಂದವಳು ಬಾಗಿಲಲ್ಲೇ ನಿಂತಳು. "ಏನಾಯ್ತು ತಾಯಿ?"

"ನಮ್ಮವರು ಬರಲಿಲ್ಲ," ಎಂದಳು ಲೈ ಫನ್.

ಲೈ ಫನ್‌ಳ ಗಂಡ ಸತ್ತ ವಿಷಯ ಜಸ್‌ಬೀರ್‌ಗೆ ಗೊತ್ತಿತ್ತು. ಅವಳು ತಟ್ಟೆ ಕೆಳಗಿಟ್ಟು ಪಕ್ಕದಲ್ಲಿ ಕೂತು ಬೆನ್ನು ಸವರಿದಳು. ರೊಟ್ಟಿ ಆರಿಹೋಯಿತು.

ಕೆಲವು ವಾರ ದಿನಾ ಕೇಳಿದರೂ ತುಂಡುಗಳದು ಅದೇ ಉತ್ತರ. ಅಷ್ಟರಲ್ಲಿ ನೆನಿತಾ ಬಾಣಂತಿ ಮಗಳ ಮನೆಗೆಂದು ಬೇರೆ ಊರಿಗೆ ಹೋಗಿಬಿಟ್ಟಿದ್ದಳು. ಕೇಳಲು ಉಳಿದವನು ಸೀತೋ ಮಾವ ಒಬ್ಬನೇ. ಅವನ ಅಂಗಡಿಯಲ್ಲಿ ತೂಗುಹಾಕಿದ್ದೆಲ್ಲ ಇಳಿದು ರಟ್ಟಿನ ಪೆಟ್ಟಿಗೆ ಸೇರುತ್ತಿತ್ತು. ಮಾಲನ್ನೂ ಕೆಡವುತ್ತಾರಂತೆ.

"ಎಲ್ಲಿ ಆರಿತು?" ಎಂದ.

"ಸೇತುವೆ ಮೇಲೆ. ನಡುಮಧ್ಯದಲ್ಲಿ."

ಮುದುಕ ಕೈಯಲ್ಲಿದ್ದ ಕಾಗದದ ಕುದುರೆಯನ್ನು ಮೆಲ್ಲಗೆ ಪೆಟ್ಟಿಗೆಗೆ ಇಳಿಸಿದ.

"ಎಲ್ಲಿ ಆರಿತೋ ಅಲ್ಲೇ ನಿಂತು ಮತ್ತೆ ಹಚ್ಚಬೇಕು, ಅಲ್ಲಿಂದ ಕರೀಬೇಕು. ಪದ್ಧತಿ ಹಂಗೇ ಇರೋದು," ಎಂದ. "ಆ ಸೇತುವೆ ಮೇಲೆ ನಿಲ್ಲೋಕೆ ಜಾಗ ಇದೆಯಾ?"

"ರೈಲಿನ ಸೇತುವೆ ಮಾವ. ಬರೀ ಹಳಿ."

"ಹಂಗಾದ್ರೆ ಹಳೇ ಮನೆಗೆ ಹೋಗಿ ನೋಡು. ದಾರಿ ತಪ್ಪಿದೋರು ಗೊತ್ತಿರೋ ಕಡೆಗೇ ತಿರುಗ್ತಾರೆ. ಹೋಗಿರಬಹುದು." ತನ್ನ ಮಾತನ್ನು ತಾನೇ ನಂಬದವನ ಹಾಗೆ ಅವನು ಮತ್ತೆ ಪೆಟ್ಟಿಗೆ ಕಟ್ಟತೊಡಗಿದ. ಲೈ ಫನ್ ಹೊರಟಾಗ ಒಂದು ಕಟ್ಟು ಒಳ್ಳೆ ಬತ್ತಿ ಅವಳ ಚೀಲಕ್ಕೆ ತುರುಕಿದ. "ಇಟ್ಕೋಮ್ಮ. ನಾನಿವನ್ನ ತಗೊಂಡು ಎಲ್ಲಿಗ್ ಹೋಗ್ಲಿ."

ಚೆರಿ ಮರ ಇರಲಿಲ್ಲ. ಸುತ್ತಲೂ ತಂತಿಯ ಬೇಲಿ. ಒಳಗೆ ಹಳದಿ ಯಂತ್ರ ಕತ್ತು ಚಾಚಿ ಕಟ್ಟಡದ ಮುಂಭಾಗವನ್ನು ಆಗಲೇ ಕಿತ್ತು ಹಾಕಿತ್ತು. ಕೋಣೆಗಳು ಎದೆ ತೆರೆದುಕೊಂಡು ಬೀದಿಗೆ ಕಾಣುತ್ತಿದ್ದವು. ನೆನಿತಾಳ ಅಡುಗೆಮನೆಯ ಹಸಿರು ಬಣ್ಣ, ಅಫಘಾನಿ ಮುದುಕನ ಕಿಟಕಿಯ ಪರದೆ. ಎರಡನೆಯ ಮಹಡಿಯಲ್ಲಿ, ನೆಲವೇ ಇಲ್ಲದ ಕೋಣೆಯ ಹಿಂದಿನ ಗೋಡೆಯ ಮೇಲೆ, ಎದ್ದು ನಿಂತ ಬೆಕ್ಕಿನಂಥ ಆ ಹೊಗೆಯ ಕಪ್ಪು. ಇಷ್ಟು ವರ್ಷ ತಾನೊಬ್ಬಳೇ ನೋಡಿದ ಗುರುತು ಬಸ್ಸಿಗೆ ಕಾಯುವವರಿಗೆಲ್ಲ ಕಾಣುವ ಹಾಗೆ ಬಿದ್ದಿದ್ದನ್ನು ಕಂಡು ಲೈ ಫನ್‌ಗೆ, ಗಂಡನ ಮೈಮೇಲಿನ ಬಟ್ಟೆ ಯಾರೋ ಕಿತ್ತುಕೊಂಡಷ್ಟು ಅವಮಾನವಾಯಿತು.

ಬೇಲಿಯ ಬುಡದಲ್ಲಿ ಬತ್ತಿ ಹಚ್ಚಿ ಚುಚ್ಚಿದಳು. ಕರೆದಳು. ಯಂತ್ರದ ಸದ್ದಿನಲ್ಲಿ ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಕಾಲುದಾರಿಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ತುಂಡುಗಳನ್ನು ಬಿಟ್ಟಳು. ಇಲ್ಲ. ಹಳದಿ ಟೋಪಿಯವನೊಬ್ಬ ಬಂದು ಧೂಳು ಬರುತ್ತದೆ, ದೂರ ಹೋಗಿ ಅಜ್ಜಿ ಎಂದು ಕೈಮಾಡಿ ತೋರಿಸಿದ. ಇಲ್ಲ. ಇಲ್ಲ.

ಆಗ ಅವಳಿಗೆ ಹೊಳೆಯಿತು. ತಾನೆಂಥ ಪೆದ್ದಿ. ಹೋಯ್ ಸಂಗ್ ದಾರಿ ಹುಡುಕಿಕೊಂಡು ಮನೆಗೆ ವಾಪಸ್ ಬರುವುದೆಂದರೇನು? ಅವನು ಎಂದಾದರೂ ಬಂದವನೇ? ಕಳೆದುಹೋದರೆ ಇದ್ದಲ್ಲೇ ಇರಿ ಎಂದು ಹೇಳಿಕೊಟ್ಟವಳು ತಾನೇ. ಎಲ್ಲವನ್ನೂ ಮರೆತವನು ಅದೊಂದನ್ನು ಮರೆತಿರಲಿಲ್ಲ. ಅವನು ಎಲ್ಲಿ ಕೈತಪ್ಪಿದನೋ ಅಲ್ಲೇ ಇದ್ದಾನೆ.

ಅವಳು ಸ್ಟೇಷನ್ನಿಗೆ ಓಡಿದಳು. ಮೇಲೆ ಪ್ಲಾಟ್‌ಫಾರಂನಲ್ಲಿ ನೀಲಿ ಅಂಗಿಯ ಕೆಲಸದವಳೊಬ್ಬಳು ನಿಂತಿದ್ದಳು. ಲೈ ಫನ್ ಅವಳ ತೋಳು ಹಿಡಿದುಕೊಂಡು, ಇದ್ದ ಇಂಗ್ಲಿಷನ್ನೆಲ್ಲ ಗುಡ್ಡೆ ಹಾಕಿ ಕೇಳಿದಳು.

"ಸೇತುವೆ ಮೇಲೆ ರೈಲು ನಿಲ್ಲಿಸ್ತೀರಾ? ಸ್ವಲ್ಪ ಹೊತ್ತು ಸಾಕು. ನಮ್ಮೋರು ಹತ್ತಬೇಕು."

"ಅಲ್ಲಿ ಸ್ಟೇಷನ್ ಇಲ್ಲಮ್ಮ."

"ಗೊತ್ತು. ಡ್ರೈವರ್‌ಗೆ ನಾನೇ ಹೇಳ್ತೀನಿ. ಕೈ ಮುಗಿದು ಕೇಳ್ಕೋತೀನಿ."

ಆ ಹೆಂಗಸು ಇವಳ ಮುಖ ನೋಡಿ ದನಿ ತಗ್ಗಿಸಿದಳು. "ಈ ರೈಲಿಗೆ ಡ್ರೈವರ್ ಇಲ್ಲಮ್ಮ. ತಾನೇ ಓಡತ್ತೆ. ನಿಮಗೆ ಗೊತ್ತಿಲ್ವಾ?"

ಗೊತ್ತಿತ್ತು. ಇಷ್ಟು ವರ್ಷ ಓಡಾಡಿದವಳಿಗೆ ಗೊತ್ತಿರದೆ ಇರುತ್ತದೆಯೇ. ಕೇಳಲು ಒಬ್ಬ ಮನುಷ್ಯನಾದರೂ ಆ ಗಳಿಗೆಯಲ್ಲಿ ಅವಳಿಗೆ ಬೇಕಾಗಿತ್ತು. ಬೇರೆ ರೈಲಿನಲ್ಲಿ ಚಾಲಕ ಕೂರುವ ಜಾಗದಲ್ಲಿ ಇಲ್ಲಿ ದೊಡ್ಡ ಗಾಜು, ಅದರ ಹಿಂದೆ ಪ್ರಯಾಣಿಕರ ಸೀಟು. ರೈಲು ಬಂದಾಗ ಲೈ ಫನ್ ಹತ್ತಿ ಆ ಸೀಟಿನಲ್ಲೇ ಹೋಗಿ ಕೂತಳು. ಕೊಲಂಬಿಯಾ ಕಳೆದ ಮೇಲೆ ಹಳಿ ಮೇಲೇರಿ, ಎದುರಿಗೆ ಸೇತುವೆ, ಅದರ ತಂತಿಗಳು, ಎರಡು ಹಳಿಗಳ ನಡುವಿನ ಕಿರಿದಾದ ಕಾಂಕ್ರೀಟು, ಎರಡೂ ಬದಿಗೆ ನೀರು. ಬತ್ತಿ ಹಚ್ಚುವ ಧೈರ್ಯವಾಗಲಿಲ್ಲ. ಮಡಿಲಲ್ಲಿ ಕೆಂಪು ಬಟ್ಟೆ ಹಾಸಿ ತುಂಡುಗಳನ್ನು ಕೈಗೆ ತೆಗೆದುಕೊಂಡಳು.

"ಹೋಯ್ ಸಂಗ್, ಇಲ್ಲಿದೀರಾ?"

ಒಂದು ಚಪ್ಪಟೆ, ಒಂದು ಉಬ್ಬು.

ಅವಳ ಬಾಯಿಂದ ನರಳಿದಂಥ ಸದ್ದು ಬಂತು. ಪಕ್ಕದವರು ತಿರುಗಿ ನೋಡಿದರು. "ಬನ್ನಿ, ಹತ್ಕೊಳ್ಳಿ, ನಾನು ಬಂದಿದೀನಿ," ಎಂದು ತುಂಡುಗಳನ್ನು ಮತ್ತೆ ಎತ್ತುವಷ್ಟರಲ್ಲಿ ನೀರು ಮುಗಿದು ಗೋದಾಮುಗಳ ತಗಡಿನ ಚಾವಣಿ ಬಂದಿತ್ತು. ಸ್ಕಾಟ್ ರೋಡಿನಲ್ಲಿ ಇಳಿದು, ಆಚೆ ಬದಿಯ ರೈಲು ಹತ್ತಿ ಮತ್ತೆ ಬಂದಳು. ಇಲ್ಲಿದೀರಾ? ಹೌದು. ಹತ್ತುತ್ತೀರಾ ಎಂದು ಕೇಳುವಷ್ಟರಲ್ಲಿ ನ್ಯೂ ವೆಸ್ಟ್‌ಮಿನ್‌ಸ್ಟರ್ ದಡ. ಮತ್ತೆ ತಿರುಗಿದಳು. ಹೌದು. ಮತ್ತೆ ದಡ. ಬಾಗಿಲು ತೆರೆದು ನಿಂತ ರೈಲಿಗೇ ಕೈ ಹಿಡಿದು ಹತ್ತಿಸಬೇಕಾಗಿದ್ದ ಮನುಷ್ಯ, ಈ ವೇಗದಲ್ಲಿ ಓಡುವುದನ್ನು ಹೇಗೆ ಹತ್ತಿಯಾನು? ಟೋಪಿ ಕೈಯಲ್ಲಿ ಹಿಡಿದುಕೊಂಡು, ಎರಡು ಹಳಿಗಳ ನಡುವೆ, ಕೆಳಗೆ ನೀರು ನೋಡಲು ಹೆದರಿ, ಪ್ರತಿ ರೈಲಿನಲ್ಲೂ ಅವಳ ಮುಖ ಹುಡುಕುತ್ತಾ ನಿಂತಿದ್ದಾನೆ. ಹೊರಡಲು ಅವಳು ಕರೆಯಲೆಂದು ಕಾಯುತ್ತಿದ್ದಾನೆ.

ಬೆಳಕು ಇಳಿಯುತ್ತಾ ಬಂದಾಗ ಅವಳು ಕಡೆಯ ಸಲ ಸರ್ರೆಯ ಕಡೆಗಿನ ರೈಲು ಹತ್ತಿದಳು. ತುಂಡುಗಳನ್ನು ಚೀಲದಿಂದ ತೆಗೆಯಲಿಲ್ಲ. ಸೇತುವೆ ಬಂದಾಗ ಎದ್ದು ನಿಂತು ಗಾಜಿಗೆ ಅಂಗೈ ಒತ್ತಿದಳು.

"ರೀ," ಎಂದಳು. "ಇದ್ದಲ್ಲೇ ಇರಿ. ಎಲ್ಲೂ ಹೋಗ್ಬೇಡಿ. ನಾನು ಬಂದು ಕರೀತೀನಿ."

ರೈಲು ತನ್ನ ಪಾಡಿಗೆ ತಾನು ನದಿ ದಾಟಿತು.